ಬೆಳ್ಳುಳ್ಳಿಯ ವಾಸನೆ ಬರುವವರೆಗೆ

ಹ್ಹಾ ಎಂದು ಯಾರೋ ಉಸಿರೆಳೆದ ಸದ್ದು, ಅಡುಗೆಮನೆಯ ಕಿಟಕಿಯಾಚೆ, ಕೆಳಗೆಲ್ಲೋ, ಒಮ್ಮೆ ಮಾತ್ರ — ಇನ್ಸಾಫ್ ತೊಳೆಯುತ್ತಿದ್ದ ಚಹಾದ ಲೋಟವನ್ನು ಹಾಗೇ ಹಿಡಿದು ನಿಂತಳು, ನಲ್ಲಿ ನಿಲ್ಲಿಸಿದಳು, ಕಿವಿಯನ್ನು ಜಾಲರಿಗೆ ಒತ್ತಿದಳು, ಇನ್ನೊಮ್ಮೆ ಬರಲಿಲ್ಲ, ಬರಬಾರದು ಕೂಡ, ಆ ಉಸಿರು ಒಂದೇ ಸಲ, ಇವತ್ತು ಶುಕ್ರವಾರ, ಬಿಸಿಲು ಏರಿದೆ, ಯಾರ ಮನೆಯಲ್ಲೋ ಮುಲೂಖಿಯಾ ಸೊಪ್ಪು ಕುದಿಯುತ್ತಿರಬೇಕು, ಬೆಳ್ಳುಳ್ಳಿ ಕೊತ್ತಂಬರಿಬೀಜದ ಒಗ್ಗರಣೆ ಅದರ ಮೇಲೆ ಚುಂಯ್ ಎಂದು ಬೀಳುವ ಗಳಿಗೆಗೆ ಸರಿಯಾಗಿ ಅಡುಗೆಯವಳು ಹ್ಹಾ ಅನ್ನಬೇಕು, ದೆವ್ವ ಕಂಡವಳ ಹಾಗೆ, ಅನ್ನದಿದ್ದರೆ ಸೊಪ್ಪು ತಳಕ್ಕೆ ಕೂರುತ್ತದೆ, ರುಚಿ ಹತ್ತುವುದಿಲ್ಲ, ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಅವಳ ತಾಯಿ ಅನ್ನುತ್ತಿದ್ದಳು, ತಾಯಿಯ ತಾಯಿ ಅನ್ನುತ್ತಿದ್ದಳು, ಕೈರೋದಲ್ಲಿ ಹೆಂಗಸರಾಗಿ ಹುಟ್ಟಿದವರೆಲ್ಲ ಅನ್ನುತ್ತಾರೆ, ಅಷ್ಟೇ. ಈ ಕಟ್ಟಡಕ್ಕೆ ಬಂದ ಮೇಲೆ ಇದೇ ಮೊದಲು. ಇಲ್ಲಿ ಲಿಫ್ಟು ಗುಂಯ್ ಅನ್ನುತ್ತದೆ, ಎಸಿಗಳು ತೊಟ್ಟಿಕ್ಕುತ್ತವೆ, ಯಾರದೋ ಫೋನು ಹಾಡುತ್ತದೆ, ಮನುಷ್ಯರ ಉಸಿರು ಮಾತ್ರ ಕೇಳಿಸಿದ್ದೇ ಇಲ್ಲ. ಕೈಗೆ ಒಳ್ಳೇದಾಗ್ಲಿ, ಅಂದಳು ಇನ್ಸಾಫ್ ಜಾಲರಿಗೆ ಬಾಯಿಟ್ಟು, ಓಣಿಯಲ್ಲಿ ಅನ್ನುತ್ತಿದ್ದ ಹಾಗೆಯೇ, ಹಾಗೆ ಅಂದರೆ ಆ ಕಡೆಯಿಂದ ನಿನ್ನ ಕೈಗೂ ಆಗ್ಲಿ ಎಂದು ಬರಬೇಕು — ಬರಲಿಲ್ಲ. ಸರಿ, ವಾಸನೆಯಾದರೂ ಬರಲಿ, ಎಂದು ಮೂಗು ಅರಳಿಸಿ ನಿಂತಳು.

ಬೆಳ್ಳುಳ್ಳಿಯ ವಾಸನೆಗೆ ಎಷ್ಟು ಹೊತ್ತು ಬೇಕು, ಓಣಿಯಲ್ಲಾದರೆ ಉಸಿರಿನ ಬೆನ್ನಿಗೇ ಬಂದು ಮೂಗು ಹಿಡಿಯುತ್ತಿತ್ತು, ಇಲ್ಲಿ ಕಟ್ಟಡದ ನಡುವೆ ಬಾವಿಯಂಥ ಒಂದು ತೆರವು, ಎಲ್ಲ ಮನೆಗಳ ಅಡುಗೆಮನೆ ಬಚ್ಚಲುಗಳೂ ಅದಕ್ಕೇ ಮುಖ ಮಾಡಿಕೊಂಡಿವೆ, ಕಿಟಕಿಗಳು ಸದಾ ಮುಚ್ಚಿಕೊಂಡೇ ಇರುತ್ತವೆ, ಸದ್ದು ಯಾವ ಮಹಡಿಯದೆಂದು ಹೇಗೆ ಹೇಳುವುದು, ಕೆಳಗಿನದು ಅನ್ನುವುದು ಖಾತ್ರಿ, ಇದು ಐದನೆಯ ಮಹಡಿ, ಶೌಕಿಯ ಮನೆ, ಮಗನ ಮನೆ ಅಂದ್ರೆ ನಿಮ್ಮನೆ ಅಲ್ವಾ ಅತ್ತೆ ಅನ್ನುತ್ತಾಳೆ ಮನಾಲ್, ಒಳ್ಳೆಯ ಸೊಸೆ, ಸುಳ್ಳು ಹೇಳಬಾರದು, ಬಾಲ್ಕನಿ ಇರುವ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಾಳೆ, ಇವತ್ತು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ. ಶೌಕಿ ನಮಾಜಿಗೆ ಹೋಗಿದ್ದಾನೆ. ಮುಗಿಸಿಕೊಂಡು ಬರುತ್ತಾನೆ, ಬಂದು ಕೈ ಚಾಚುತ್ತಾನೆ, ಅಮ್ಮಾ, ಬೀಗದ ಕೈ ಕೊಡು. ಬೀಗದ ಕೈ ಅಂಗಿಯೊಳಗೆ ಎದೆಗೆ ಒತ್ತಿಕೊಂಡಿದೆ, ರಾತ್ರಿ ಪೂರಾ ಒತ್ತಿತ್ತು, ಸೋಪಿನವರ ಓಣಿಯ ಬಾಡಿಗೆ ಮನೆಯದು, ಉದ್ದನೆಯ ಕಬ್ಬಿಣದ್ದು, ಕೊಟ್ಟರೆ ಮುಗಿಯಿತು, ಮನೆಯ ಯಜಮಾನನ ಕಡೆಯವನು ಇವತ್ತೇ ಬಂದು ತೆಗೆದುಕೊಳ್ಳುತ್ತಾನೆ, ಆಮೇಲೆ ಕೆಡವುತ್ತಾರೆ, ಕೊಡದಿದ್ದರೆ ಮನೆ ಇನ್ನೂ ಅವಳದೇ, ಯಾವತ್ತು ಬೇಕಾದರೂ ಹೋಗಿ ಬಾಗಿಲು ತೆಗೆಯಬಹುದು. ಚಳಿಗಾಲ ಕಳೆಯುವ ತನಕ ಎಂದು ಬಂದವಳು, ಚಳಿ ಹೋಗಿ ಮುಲೂಖಿಯಾದ ಕಾಲ ಬಂತು. ಆ ಮೆಟ್ಟಿಲು ಹತ್ತೋಕೆ ಆಗತ್ತಾ ನಿಂಗೆ, ನಿನ್ನ ಮಂಡಿ ನೋಡ್ಕೋ, ಗೋಡೆ ಬೇರೆ ಬಿರುಕು ಬಿಟ್ಟಿದೆ, ಅಂದ ಶೌಕಿ ನಿನ್ನೆ ಊಟಕ್ಕೆ ಕೂತಾಗ, ಅವನದು ತಪ್ಪಲ್ಲ, ಬಿರುಕಿನಲ್ಲಿ ಅವಳೇ ಬೆರಳಿಟ್ಟು ನೋಡಿದ್ದಳು, ಸುಮ್ಮನಿದ್ದಳು, ಅವಳು ಸುಮ್ಮನಿದ್ದದ್ದನ್ನು ಹೂಂ ಎಂದುಕೊಂಡು ಅವನು ನೆಮ್ಮದಿಯಾಗಿ ಇನ್ನೊಂದು ರೊಟ್ಟಿ ಮುರಿದ.

ಮಂಡಿನೋವು ಹೊಸದೇನಲ್ಲ, ಓಣಿಯಲ್ಲಿದ್ದಾಗಲೂ ಆ ಮೆಟ್ಟಿಲಿಳಿದು ಎಷ್ಟೋ ಕಾಲವಾಗಿತ್ತು, ಆದರೂ ದಿನವೂ ಪೇಟೆ ಸುತ್ತಿ ಬಂದ ಹಾಗಿರುತ್ತಿತ್ತು, ಬುಟ್ಟಿ ಇಳಿಯುತ್ತಿತ್ತಲ್ಲ, ಖರ್ಜೂರದ ಗರಿಯ ಬುಟ್ಟಿ, ಹಗ್ಗ ಬಯೂಮಿ ತಂದದ್ದು, ಗಂಡ, ನದಿಯ ದೋಣಿಗಳನ್ನು ರಿಪೇರಿ ಮಾಡುತ್ತಿದ್ದವನು, ಇದು ಹಾಯಿಗೆ ಕಟ್ಟೋ ಹಗ್ಗ ಕಣೇ, ನೀನು ಸವೆದರೂ ಇದು ಸವೆಯಲ್ಲ ಎಂದು ನಕ್ಕಿದ್ದ, ಅವನೇ ಮೊದಲು ಹೋದ, ಹಗ್ಗ ಇದೆ, ಬುಟ್ಟಿಯ ಸಮೇತ ಈ ಮನೆಗೂ ಬಂದಿದೆ, ಮನಾಲ್ ಹಳೇ ಸಾಮಾನಿನ ಜೊತೆ ಎಸೆಯಲು ಇಟ್ಟಿದ್ದನ್ನು ಇವಳು ಮಂಚದಡಿಗೆ ನೂಕಿಕೊಂಡಳು. ಮೂರನೆಯ ಮಹಡಿಯ ಬಾಲ್ಕನಿಯಿಂದ ಹಸನೈನ್ ಎಂದು ಕೂಗಿದರೆ ಎದುರಿನ ಕಿರಾಣಿ ಅಂಗಡಿಯಿಂದ ಹಸನೈನ್ ತಲೆ ಹೊರಗೆ ಹಾಕುತ್ತಿದ್ದ, ಏನು ಇನ್ಸಾಫಕ್ಕ, ಇವತ್ತು ಬೆಳಕು ತಡವಾಗಿ ಬಂತು ಓಣಿಗೆ, ಅಂತ ತಮಾಷೆ, ರೊಟ್ಟಿಯೋ ಚೀಸೋ ಸೊಪ್ಪಿನ ಕಟ್ಟೋ ಹಾಕಿ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದ, ಎರಡು ಸಲ ಜಗ್ಗಿದರೆ ಎಳ್ಕೊ ಅಂತ, ಓಣಿಗೆಲ್ಲ ಅದೇ ಮಾತು. ಆದರೆ ಬುಟ್ಟಿ ಒಂದು ದಿನವಾದರೂ ನೆಟ್ಟಗೆ ಮೇಲೆ ಬಂದದ್ದುಂಟೇ, ಮೊದಲನೆಯ ಮಹಡಿಯಲ್ಲಿ ಮತಿಲ್ದಾ ಕೂತಿರುತ್ತಿದ್ದಳು, ಬಾಲ್ಕನಿಯ ಕಂಬಿಯಾಚೆ ಕೈ ಹಾಕಿ ಬುಟ್ಟಿ ಹಿಡಿಯುತ್ತಿದ್ದಳು, ಹಗ್ಗ ಬಿಗಿಯುತ್ತಿತ್ತು, ಬುಟ್ಟಿ ನಡುಗಾಳಿಯಲ್ಲಿ ನಿಲ್ಲುತ್ತಿತ್ತು, ಒಳಗೆ ಮೂಗು ತೂರಿಸಿ ಬೆಣ್ಣೆ ಯಾಕೆ ತರಿಸ್ದೆ, ಡಾಕ್ಟರು ಬೇಡ ಅಂದಿರಲಿಲ್ವಾ ನಿಂಗೆ, ಅನ್ನುತ್ತಿದ್ದಳು. ಬುಟ್ಟಿ ಬಿಡೇ ಮತಿಲ್ದಾ. ಬಿಡ್ತೀನಿ ಇರು, ಇದೇನು ಸೋಪು ಹೊಸಾದು. ಬುಟ್ಟಿ ಬಿಡು, ಕೈ ನೋಯ್ತಿದೆ. ದಿನಾ ಅದೇ ಜಗಳ. ಅವಳ ಚರ್ಚಿನ ಉಪವಾಸದ ದಿನಗಳಲ್ಲಿ ಇನ್ಸಾಫ್ ಮಾಂಸವನ್ನು ಬುಟ್ಟಿಯ ತಳದಲ್ಲಿ ಈರುಳ್ಳಿಯ ಕೆಳಗೆ ಮುಚ್ಚಿ ತರಿಸುತ್ತಿದ್ದಳು, ಮತಿಲ್ದಾ ಈರುಳ್ಳಿ ಎತ್ತಿ ನೋಡಿ, ಅಯ್ಯೋ ದೇವರೇ ಪಾಪ ಈ ಈರುಳ್ಳಿ ರಕ್ತ ಸುರಿಸ್ತಿದೆ ಅನ್ನುತ್ತಿದ್ದಳು. ರಂಜಾನಿನ ತಿಂಗಳು ಮಾತ್ರ ಸಂಜೆಯವರೆಗೆ ಬುಟ್ಟಿ ಮುಟ್ಟುತ್ತಿರಲಿಲ್ಲ, ಸಂಜೆಗೆ ಅವಳದೇ ಒಂದು ತಟ್ಟೆ ಅದರೊಳಗೆ ಕೂತು ಮೇಲೆ ಬರುತ್ತಿತ್ತು.

ವಾಸನೆ ಇನ್ನೂ ಬಂದಿಲ್ಲ. ಮೇಲಿನ ಮನೆಯ ಎಸಿಯಿಂದ ತೊಟ್ಟು ಬಿತ್ತು, ಇನ್ನೊಂದು ಬಿತ್ತು. ಕರೆದು ಕೇಳೋಣವೆಂದರೆ ಯಾರ ಹೆಸರು ಹಿಡಿದು ಕರೆಯುವುದು, ಈ ಕಟ್ಟಡದಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ, ಅವಳ ಹೆಸರೂ ಒಬ್ಬರಿಗೂ ಗೊತ್ತಿಲ್ಲ, ಇಲ್ಲಿ ಅವಳು ಹಜ್ಜಾ. ಗೇಟಿನವನು, ಹಜ್ಜಾ, ಬಿಸಿಲಲ್ಲಿ ನಿಲ್ಲಬೇಡಿ ಒಳಗೆ ಹೋಗಿ, ಲಿಫ್ಟಿನ ಹುಡುಗಿ, ಹಜ್ಜಾ ಎಷ್ಟನೇ ಮಹಡಿ, ಔಷಧಿ ತಂದವನು, ಹಜ್ಜಾ ಇಲ್ಲಿ ಹೆಬ್ಬೆಟ್ಟು ಒತ್ತಿ, ಸಹಿ ಹಾಕಲು ಬರುತ್ತೆ ಕಣಪ್ಪಾ ಎಂದು ಅವಳು ಪೆನ್ನು ಕಿತ್ತುಕೊಂಡು ಹೆಸರು ಬರೆದಳು, ಅವನು ಅದನ್ನು ಓದಲೂ ಇಲ್ಲ. ಮೆಕ್ಕಾಕ್ಕೆ ಹೋಗಿ ಬಂದವಳಿಗೆ ಹಜ್ಜಾ ಅನ್ನಬೇಕು, ಕೂದಲು ಬೆಳ್ಳಗಾದವರಿಗೆಲ್ಲ ಅದನ್ನೇ ಅಂಟಿಸಿದರೆ ಹೇಗೆ, ಹೋಗದೇ ಇದ್ದ ಯಾತ್ರೆಯ ಪುಣ್ಯ ನನ್ನ ತಲೆಗೆ ಕಟ್ಟಬೇಡ್ರೋ, ನಾನು ತಂತಾ ಊರಿನ ಜಾತ್ರೆಯಿಂದ ಆಚೆ ಹೋದವಳಲ್ಲ ಎಂದು ಗೇಟಿನವನಿಗೆ ಹೇಳಿದ್ದಳು, ಅವನು ನಕ್ಕ, ಆಯ್ತು ಹಜ್ಜಾ ಅಂದ. ಓಣಿಯಲ್ಲಿ ಇನ್ಸಾಫ್ ಅಂದರೆ ಇನ್ಸಾಫ್, ಶೌಕಿಯ ತಾಯಿ, ಬಯೂಮಿಯ ಹೆಂಡತಿ, ಮೂರನೇ ಮಹಡಿ ಅಕ್ಕ, ಬೈಯುವಾಗ ದೊಡ್ಡ ಗಂಟಲಿನವಳು, ಎಲ್ಲ ಅವಳೇ, ಮುದುಕಿ ಅನ್ನುವುದು ಅಷ್ಟರ ನಡುವೆ ಎಲ್ಲೋ ಒಂದು ಮೂಲೆಯಲ್ಲಿತ್ತು, ಇಲ್ಲಿ ಅದೊಂದೇ ಉಳಿದಿದೆ. ಮನಾಲ್ ಒಳ್ಳೆಯವಳು, ಟೀವಿ ಹಾಕಿಕೊಡುತ್ತಾಳೆ, ಹಣ್ಣು ಹೆಚ್ಚಿಕೊಡುತ್ತಾಳೆ, ಬೇಜಾರಾಗತ್ತಾ ಅತ್ತೆ ಎಂದು ಕೇಳುತ್ತಾಳೆ, ಏನೆಂದು ಹೇಳುವುದು, ಜಗಳವಾಡಲು ಯಾರೂ ಇಲ್ಲ ಕಣಮ್ಮ ಎಂದು ಹೇಳಲಾಗುತ್ತದೆಯೇ. ಇಲ್ಲಮ್ಮ, ಚೆನ್ನಾಗಿದೀನಿ ಅನ್ನುತ್ತಾಳೆ ಇನ್ಸಾಫ್.

ಉಸಿರು ಬಂದು ವಾಸನೆ ಬಾರದೇ ಇದ್ದದ್ದು ಮೊದಲೂ ಒಮ್ಮೆ — ಬೇಡ, ಆ ನೆನಪು ಈಗ ಬೇಡ, ಆದರೆ ಬಂದೇ ಬಿಟ್ಟಿತು. ಅವತ್ತೂ ಹೀಗೇ ಹಗಲು, ಓಣಿಯಲ್ಲಿ ಯಾರದೋ ಮದುವೆಗೆ ಸ್ಪೀಕರು ಕಟ್ಟಿ ಕಿವಿ ಕಿತ್ತುಹೋಗುವಂತೆ ಹಾಡು ಹಾಕಿದ್ದರು, ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಕೆಳಗಿನಿಂದ ಹ್ಹಾ ಎಂದು ಕೇಳಿಸಿತು, ಮತಿಲ್ದಾಳದೇ, ಅವಳ ಉಸಿರು ಕತ್ತಲಲ್ಲೂ ಗುರುತು ಹಿಡಿಯಬಹುದು, ಕೈಗೆ ಒಳ್ಳೇದಾಗ್ಲಿ ಅಂದಳು ಇನ್ಸಾಫ್, ಮತ್ತೆ ಹಾಡು ಶುರುವಾಯಿತು, ಇವಳು ಅಕ್ಕಿ ಆರಿಸುತ್ತಾ ಕೂತಳು, ಒಂದು ಹಿಡಿ, ಇನ್ನೊಂದು ಹಿಡಿ, ಆಮೇಲೆ ಕೈ ತಾನಾಗಿ ನಿಂತಿತು, ಬೆಳ್ಳುಳ್ಳಿ ಎಲ್ಲಿ. ಮತಿಲ್ದಾ ಹಾಕುವ ಬೆಳ್ಳುಳ್ಳಿಗೆ ಮೂರನೇ ಮಹಡಿಯ ಪರದೆಗಳೂ ನಾರುತ್ತಿದ್ದವು. ಬಾಲ್ಕನಿಗೆ ಬಂದು ಬುಟ್ಟಿ ಇಳಿಬಿಟ್ಟಳು, ಬೇಕೆಂದೇ ಖಾಲಿ ಬುಟ್ಟಿ, ಮೊದಲನೇ ಮಹಡಿಯ ಎದುರಿಗೆ ನಿಲ್ಲಿಸಿದಳು, ತೂಗಿದಳು, ಕಂಬಿಗೆ ಬಡಿಸಿದಳು, ಕೈ ಹೊರಗೆ ಬರಲಿಲ್ಲ. ಬುಟ್ಟಿ ನಡುಗಾಳಿಯಲ್ಲಿ ತಾನೇ ತಾನಾಗಿ ತಿರುಗುತ್ತಿತ್ತು, ಯಾರೂ ಹಿಡಿಯದ ಬುಟ್ಟಿ. ಕೂಗಿದರೆ ಸ್ಪೀಕರಿನ ಸದ್ದಿನಲ್ಲಿ ಕೇಳಿಸಬೇಕಲ್ಲ, ಕಾಲಿನ ಚಪ್ಪಲಿ ಕಳಚಿ ಬುಟ್ಟಿಗೆ ಎಸೆದು ಹಸನೈನನ ತಲೆಯ ಮೇಲೇ ಇಳಿಸಿದಳು, ಅವನು ಚಪ್ಪಲಿ ಎತ್ತಿ ಹಿಂದೆ ಮುಂದೆ ನೋಡಿ, ಅಕ್ಕಾ ನಾನು ಕಿರಾಣಿಯವನು, ಚಮ್ಮಾರ ಪಕ್ಕದ ಓಣಿಯಲ್ಲಿದ್ದಾನೆ ಎಂದು ಸನ್ನೆ ಮಾಡಿದ, ಅವಳು ಮತಿಲ್ದಾಳ ಬಾಗಿಲಿನ ಕಡೆ ಕೈ ತೋರಿಸಿ ಎದೆ ಬಡಿದುಕೊಂಡಳು, ಅವನ ಮುಖ ಬದಲಾಯಿತು, ಕಾಫಿ ಅಂಗಡಿಯಲ್ಲಿ ಪಗಡೆಯಾಡುತ್ತಿದ್ದವರನ್ನು ಎಬ್ಬಿಸಿಕೊಂಡು ಓಡಿದ, ಬಾಗಿಲಿಗೆ ಭುಜ ಕೊಟ್ಟರು. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು ಮತಿಲ್ದಾ, ಸೊಂಟದ ಮೂಳೆ ಮುರಿದಿತ್ತು, ಪಕ್ಕದಲ್ಲಿ ಬೆಳ್ಳುಳ್ಳಿ ಹಾಗೇ, ಸಿಪ್ಪೆ ಕೂಡ ಸುಲಿದಿರಲಿಲ್ಲ. ಹೊತ್ತುಕೊಂಡು ಹೋಗುವಾಗ ಮೇಲೆ ನೋಡಿ ಅಂದಳಂತೆ, ನಿನ್ನ ಮೂಗು ನಾಯಿ ಮೂಗು ಇನ್ಸಾಫ್.

ಬದುಕಿದಳು. ಮೊದಲಿನ ಹಾಗೆ ನಡೆಯಲಾಗಲಿಲ್ಲ, ಶುಬ್ರಾದಲ್ಲಿರುವ ಮಗಳು ಬಂದು ಕರೆದುಕೊಂಡು ಹೋದಳು, ಫೋನಿನಲ್ಲಿ ಮಾತಾಡುತ್ತಾಳೆ, ಏನು ತರಿಸ್ದೆ ಇವತ್ತು ಎಂದು ಕೇಳುತ್ತಾಳೆ, ಏನೂ ಇಲ್ಲ ಕಣೇ ಎಲ್ಲ ಡಬ್ಬದಲ್ಲಿ ಕಟ್ಟಿ ಬಾಗಿಲಿಗೇ ತಂದುಕೊಡ್ತಾರೆ ಅಂದರೆ, ಹಾಗಾದ್ರೆ ನಾನು ಎಲ್ಲಿ ಇಣುಕಲಿ ಅನ್ನುತ್ತಾಳೆ, ಇಬ್ಬರೂ ನಗುತ್ತಾರೆ. ಹಸನೈನ್ ಅಂಗಡಿ ಮುಚ್ಚಿ ಊರಿಗೆ ಹೋದ. ಹಾಗಾದರೆ ಬೀಗದ ಕೈ ಯಾವ ಮನೆಗೆ, ಕೆಳಗೆ ಮತಿಲ್ದಾ ಇಲ್ಲ, ಎದುರಿಗೆ ಹಸನೈನ್ ಇಲ್ಲ, ಇಳಿಬಿಟ್ಟ ಬುಟ್ಟಿ ಯಾರ ತಲೆಯ ಮೇಲೆ ಇಳಿಯಬೇಕು — ಗೊತ್ತು, ಅದೆಲ್ಲ ಗೊತ್ತು, ಆದರೂ ಈ ಕಬ್ಬಿಣ ಎದೆಗೆ ಒತ್ತುವ ತನಕ ಓಣಿ ಅಲ್ಲೇ ಇದೆ, ಎಲ್ಲರೂ ಅವರವರ ಜಾಗದಲ್ಲಿದ್ದಾರೆ, ಕೊಟ್ಟ ಮರುಗಳಿಗೆ ಅವಳು ಹಜ್ಜಾ, ಐದನೇ ಮಹಡಿ, ಮುಗಿಯಿತು. ಕೊಡುವುದಿಲ್ಲ. ಮಂಡಿ ಮುರಿದರೂ ಸರಿ, ಕೊಡುವುದಿಲ್ಲ. ಏ ತಾಯಿ, ಎಂದು ಜಾಲರಿಗೆ ಬಾಯಿಟ್ಟು ಕೂಗಿದಳು, ಈಗ ಉಸಿರೆಳೆದೋರು ಯಾರು, ಚೆನ್ನಾಗಿದೀರಾ. ಅವಳ ಮಾತೇ ಕೆಳಗೆ ಹೋಗಿ ತಿರುಗಿ ಬಂತು, ದೀರಾ, ದೀರಾ. ಎಲ್ಲೋ ಒಂದು ಕಿಟಕಿ ಕಿರ್ರ್ ಎಂದು ಮುಚ್ಚಿಕೊಂಡಿತು, ಅಥವಾ ತೆರೆಯಿತೋ, ಬೆಳ್ಳುಳ್ಳಿ ಇಲ್ಲ, ಸೋಪಿನ ನೀರಿನ ವಾಸನೆ, ಬಿಸಿ ಸಿಮೆಂಟಿನ ವಾಸನೆ. ಇಳಿದು ಹೋಗಿ ಬಾಗಿಲು ತಟ್ಟೋಣವೇ, ಲಿಫ್ಟಿನಲ್ಲಿ ಒಬ್ಬಳೇ, ಆ ಗುಂಡಿಗಳು, ಒಮ್ಮೆ ಒತ್ತಿ ಕತ್ತಲ ನೆಲಮಾಳಿಗೆಗೆ ಹೋಗಿ ಕಾರುಗಳ ನಡುವೆ ಅಳುತ್ತ ನಿಂತಿದ್ದಳು, ಯಾರೋ ಹಜ್ಜಾಗೆ ದಾರಿ ತಪ್ಪಿದೆ ಎಂದು ವಾಪಸ್ಸು ತಂದು ಬಿಟ್ಟರು.

ಫೋನು ಬಡಿದುಕೊಂಡಿತು. ಶೌಕಿ. ಅಮ್ಮಾ ಕೆಳಗಿದ್ದೀನಿ, ಲಿಫ್ಟು ಕೆಟ್ಟಿದೆಯಂತೆ, ಯಜಮಾನನ ಕಡೆಯವನು ಕಾರಲ್ಲೇ ಕೂತಿದ್ದಾನೆ, ಐದು ಮಹಡಿ ಯಾರು ಹತ್ತುತ್ತಾರೆ, ಬೀಗದ ಕೈಯನ್ನ ಬಟ್ಟೇಲಿ ಸುತ್ತಿ ಬಾಲ್ಕನಿಯಿಂದ ಎಸೆದುಬಿಡು. ಎಸೆಯುವುದೇ. ಮಂಡಿ ನಂದೋ ನಿಂದೋ, ಅಂದಳು ಇನ್ಸಾಫ್, ಅವನು ಆ ಕಡೆಯಿಂದ ನಕ್ಕ, ಚಿಕ್ಕವನಿದ್ದಾಗಿನ ನಗುವೇ, ಅಮ್ಮಾ, ಪ್ಲೀಸ್, ಅವನು ಕಾಯ್ತಿದ್ದಾನೆ, ನೀನೇ ಒಪ್ಪಿದೆಯಲ್ಲ ನಿನ್ನೆ. ಒಪ್ಪಿದಳೇ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮಗ ಅಂಗಲಾಚುವ ಹಾಗೆ ಕೇಳಿದರೆ ತಾಯಿಯ ಕೈ ತಾನಾಗಿ ಎದೆಯ ಕಡೆ ಹೋಗುತ್ತದೆ, ಇದು ಯಾವ ಕಾಯಿಲೆಯೋ ಗೊತ್ತಿಲ್ಲ. ಎಸೆಯಲ್ಲ, ಅಂದಳು, ಮನೆ ಬೀಗದ ಕೈಯನ್ನ ಯಾರಾದ್ರೂ ಎಸೀತಾರೇನೋ, ಇಳಿಬಿಡ್ತೀನಿ, ನಿಲ್ಲು. ಓಣಿಯಲ್ಲೂ ಹಾಗೇ, ಬೀದಿಬಾಗಿಲಿನ ಬೀಗದ ಕೈ ಬುಟ್ಟಿಯಲ್ಲೇ ಇಳಿಯುತ್ತಿತ್ತು, ಬಂದವರು ತಾವೇ ತೆಗೆದುಕೊಂಡು ಹತ್ತಿ ಬರುತ್ತಿದ್ದರು, ಶೌಕಿ ಶಾಲೆಯಿಂದ ಬಂದು ಕೆಳಗೆ ನಿಂತು ಅಮ್ಮಾ ಬುಟ್ಟಿ ಎಂದು ಓಣಿ ಹಾರಿಹೋಗುವಂತೆ ಕೂಗುತ್ತಿದ್ದ. ಮಂಚದಡಿಯಿಂದ ಬುಟ್ಟಿ ಎಳೆದಳು, ಧೂಳು ಕೊಡವಿದಳು, ಹಗ್ಗದ ತುದಿಯನ್ನು ಬಾಲ್ಕನಿಯ ಕಂಬಿಗೆ ಕಟ್ಟಿದಳು, ಬೀಗದ ಕೈ ಎದೆಯಿಂದ ಹೊರಗೆ ಬಂತು, ಬೆಚ್ಚಗಿತ್ತು, ಬುಟ್ಟಿಗೆ ಹಾಕಿದಾಗ ಸದ್ದು ಕೂಡ ಮಾಡಲಿಲ್ಲ. ಇಳಿಬಿಟ್ಟಳು. ಕೈಗೆ ಎಲ್ಲ ನೆನಪಿದೆ, ಒಂದು ಹಿಡಿ ಬಿಡು, ಇನ್ನೊಂದು ಹಿಡಿ ಬಿಡು, ಬಯೂಮಿಯ ಹಗ್ಗ ಅಂಗೈಯಲ್ಲಿ ಒರಟಾಗಿ ಜಾರುತ್ತಿದೆ, ನಾಲ್ಕನೆಯ ಮಹಡಿಯ ಗಾಜು ಕಳೆಯಿತು, ಮೂರನೆಯದು ಕಳೆಯಿತು, ಅಲ್ಲಿಗೆ ಹಗ್ಗ ಬಿಗಿಯಿತು.

ಹಗ್ಗ ಅಷ್ಟೇ. ಮೂರನೇ ಮಹಡಿಯ ಮನೆಗೆ ತಂದ ಹಗ್ಗ ಐದನೆಯದಕ್ಕೆ ಸಾಕಾಗುತ್ತದೆಯೇ, ಬುಟ್ಟಿ ಎರಡನೇ ಮಹಡಿಯ ಬಾಲ್ಕನಿಯ ಎದುರಿಗೆ ನಿಂತು ತೂಗುತ್ತಿದೆ, ಶೌಕಿ ಕೆಳಗೆ ಹುಲ್ಲಿನ ಮೇಲೆ ತಲೆಯೆತ್ತಿ ಎರಡೂ ಕೈ ಚಾಚಿ ನಿಂತಿದ್ದಾನೆ, ನಿಲುಕುವ ಮಾತೇ ಇಲ್ಲ, ಆ ಎತ್ತರದಿಂದ ನೋಡಿದರೆ ನೆತ್ತಿ ಬೋಳಾಗುತ್ತಿರುವುದು ಕಾಣುತ್ತದೆ, ಅಯ್ಯೋ ನನ್ನ ಕಂದ. ಗೇಟಿನವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾನೆ. ಅಮ್ಮಾ, ಮೇಲೆ ಎಳ್ಕೊ, ಎಸೆದುಬಿಡು ಅಂದ್ನಲ್ಲ, ಎಂದು ಕೂಗಿದ ಶೌಕಿ. ಅವಳು ಎಳೆದುಕೊಳ್ಳಲಿಲ್ಲ. ಬುಟ್ಟಿ ತಿರುಗುತ್ತಿದೆ, ಗಾಜಿನ ಬಾಗಿಲು ಮುಚ್ಚಿದೆ, ಯಾವ ಕೈಯೂ ಹೊರಗೆ ಬರುತ್ತಿಲ್ಲ, ಅವತ್ತಿನ ಹಾಗೆಯೇ — ಶೌಕಿ, ಎಂದು ಕೂಗಿದಳು, ಓಣಿಯ ಗಂಟಲು, ಎಲ್ಲಿತ್ತೋ ಇಷ್ಟು ದಿನ, ಮೊದಲು ಒಳಗೆ ಹೋಗು, ಕೆಳಗಿಂದ ಒಂದೊಂದೇ ಮನೆ ಬಾಗಿಲು ತಟ್ಟು, ಯಾರೋ ಒಬ್ಬಳು ಉಸಿರೆಳೆದಳು, ಬೆಳ್ಳುಳ್ಳಿ ವಾಸನೆ ಬರಲಿಲ್ಲ. ಅವನು ಕಾರಿನ ಕಡೆ ನೋಡಿದ, ಗೇಟಿನವನ ಕಡೆ ನೋಡಿದ, ಅಮ್ಮಾ ಇಲ್ಲಿ ಹಾಗೆಲ್ಲ ಹೋಗಿ ಬಾಗಿಲು ತಟ್ಟಲ್ಲ, ಫೋನು ಮಾಡಿ ಹೋಗಬೇಕು, ಏನಂದ್ಕೋತಾರೆ. ಏನಾದ್ರೂ ಅಂದ್ಕೊಳ್ಳಲಿ, ಮತಿಲ್ದಾ ಅತ್ತೆ ನೆನಪಿಲ್ವಾ ನಿಂಗೆ. ಅಮ್ಮಾ. ತಟ್ಟೋ. ಬಾಗಿಲು ತಟ್ಟಿ ಬಾ, ಆಮೇಲೆ ಬೀಗದ ಕೈ, ಅಲ್ಲೀವರೆಗೆ ಇದು ಇಲ್ಲೇ ನೇತಾಡುತ್ತೆ, ಯಜಮಾನನ ಕಡೆಯೋನಿಗೂ ಹೇಳು, ಬೇಕಾದ್ರೆ ಬಂದು ನೋಡಲಿ. ಮಗ ಸೊಂಟದ ಮೇಲೆ ಕೈಯಿಟ್ಟು ನಿಂತ, ಥೇಟ್ ಬಯೂಮಿ, ಆಮೇಲೆ ತಲೆ ಕೊಡವಿ ಒಳಗೆ ಹೋದ.

ಹೋದ, ಈಗ ಕಾಯುವುದು, ಹಗ್ಗ ಬೆರಳು ಕೊಯ್ಯುತ್ತಿದೆ, ಬೀಗದ ಕೈಗೆ ಇಷ್ಟು ಭಾರವೇ, ಬಿಸಿಲು ನೆತ್ತಿಗೆ ಬಂದಿದೆ, ಈ ಹೊಸ ಊರಿನ ಬಿಸಿಲಿಗೆ ನೆರಳೇ ಇಲ್ಲ, ಆಚೆ ಮರಳು, ಇನ್ನೂ ಆಚೆ ಇದೇ ಬಣ್ಣದ ಕಟ್ಟಡಗಳು, ಅವುಗಳಲ್ಲೂ ಹಜ್ಜಾಗಳು ಇರಬೇಕು, ಒಂದೊಂದು ಬಾಲ್ಕನಿಗೆ ಒಬ್ಬೊಬ್ಬರು, ಒಬ್ಬರ ಉಸಿರು ಒಬ್ಬರಿಗೆ ಕೇಳಿಸದಂತೆ — ಒಳಗೆಲ್ಲೋ ಗಂಟೆ ಬಾರಿಸಿತು, ಬಾಗಿಲು ಬಡಿದ ಸದ್ದು, ಮೊದಲನೆಯ ಮಹಡಿಯದಿರಬೇಕು, ಮತ್ತೆ ನಿಶ್ಶಬ್ದ, ಮತ್ತೆ ಗಂಟೆ, ತೆಗೆಯಮ್ಮ, ಯಾರಾದರೂ ಆಗಿರು, ನೆಲದ ಮೇಲೆ ಮಾತ್ರ ಬಿದ್ದಿರಬೇಡ, ತೆಗೆ. ಎರಡನೇ ಮಹಡಿಯ ಗಾಜಿನ ಬಾಗಿಲು ಸರಿಯಿತು. ಒಂದು ಕೈ ಹೊರಗೆ ಬಂತು. ಮುಪ್ಪಿನ ಕೈ, ಬೆರಳ ತುದಿಗಳೆಲ್ಲ ಸೊಪ್ಪು ಕೊಚ್ಚಿ ಹಸಿರಾಗಿವೆ, ಬುಟ್ಟಿಯ ಅಂಚನ್ನು ಹಿಡಿಯಿತು, ತಿರುಗುತ್ತಿದ್ದ ಬುಟ್ಟಿ ನಿಂತಿತು, ಹಗ್ಗ ಬಿಗಿಯಿತು — ಇನ್ಸಾಫಳ ಕಣ್ಣು ಮಂಜಾಯಿತು, ಬಿಸಿಲಿಗೇ ಇರಬೇಕು, ಅಲ್ಲ, ಅಳುತ್ತಿದ್ದಾಳೆ. ಬಿಳಿ ಬಟ್ಟೆ ಕಟ್ಟಿದ ತಲೆಯೊಂದು ಮೇಲೆ ನೋಡಿತು. ಬಾಗಿಲಲ್ಲಿ ಯಾರೋ ಗಂಡಸು ನಿಂತಿದ್ದಾನೆ, ಹಜ್ಜಾ ನೀವು ಬದುಕಿದ್ದೀರಾ ಅಂತ ಕೇಳ್ತಿದ್ದಾನೆ, ನಿನ್ನ ಕಡೆಯೋನಾ, ಅಂದಳು ಕೆಳಗಿನವಳು, ಹಳ್ಳಿಯ ಮಾತು, ನದಿ ಕಡಲು ಸೇರುವ ಡೆಲ್ಟಾದ ಕಡೆಯವಳು. ನನ್ನ ಮಗ ತಾಯಿ, ಅವನಿಗೆ ಮಾತಾಡೋಕೆ ಬರಲ್ಲ, ಬೇಜಾರು ಮಾಡ್ಕೋಬೇಡಿ, ನೀವು ಉಸಿರೆಳೆದದ್ದು ಕೇಳಿಸ್ತು, ಬೆಳ್ಳುಳ್ಳಿ ವಾಸನೆ ಬರಲಿಲ್ಲ, ಅದಕ್ಕೆ. ಒಲೆ ಮೇಲೆ ವಾಸನೆ ಹೀರೋ ಮಿಷನ್ ಹಾಕ್ಸಿದ್ದಾಳೆ ನನ್ನ ಸೊಸೆ, ಎಲ್ಲಾ ನುಂಗಿಬಿಡುತ್ತೆ, ಅಂದಳು ಕೆಳಗಿನವಳು, ಇವತ್ತು ಸೆಕೆ ಅಂತ ಕಿಟಕಿ ತೆಗೆದಿದ್ದೆ. ಈ ಮನೆಗೆ ಬಂದಾಗಿಂದ ಹ್ಹಾ ಅಂತಾನೇ ಇದ್ದೀನಿ ಕಣಮ್ಮ, ಒಬ್ಬರೂ ಕೈಗೆ ಒಳ್ಳೇದಾಗ್ಲಿ ಅಂದಿರಲಿಲ್ಲ, ಇವತ್ತು ಯಾರೋ ಅಂದ ಹಾಗಾಯ್ತು, ಒಬ್ಬಳೇ ಇದ್ದು ಇದ್ದು ನನ್ನ ಕಿವಿಗೇ ಏನೋ ಆಗಿದೆ ಅಂದ್ಕೊಂಡು ಕಿಟಕಿ ಮುಚ್ಚಿಬಿಟ್ಟೆ.

ಕಿವಿಗೇನೂ ಆಗಿಲ್ಲ, ನಾನೇ ಅಂದದ್ದು. ನೀನೇನಾ. ನಾನೇ. ಹಾಗಾದ್ರೆ ನಿನ್ನ ಕೈಗೂ ಆಗ್ಲಿ, ಅಂದಳು ಕೆಳಗಿನವಳು, ಎಷ್ಟು ಹೊತ್ತಿನ ಮೇಲೆ ಬಂದ ಉತ್ತರ, ಮುಖ ಸರಿಯಾಗಿ ಕಾಣುತ್ತಿಲ್ಲ, ಕೈ ಮಾತ್ರ ಕಾಣುತ್ತಿದೆ, ಹಿಡಿದದ್ದನ್ನು ಬಿಟ್ಟಿಲ್ಲ, ನಿನ್ನ ಹೆಸರೇನು ಹಜ್ಜಾ. ಹಜ್ಜಾ ಅಲ್ಲ, ಇನ್ಸಾಫ್. ನಾನು ನಬವಿಯಾ, ನಾನೂ ಹಜ್ಜಾ ಅಲ್ಲ, ಎಂದು ನಗು, ಆಮೇಲೆ ತಲೆ ಬಗ್ಗಿತು, ಬುಟ್ಟಿಯೊಳಗೆ ಇಣುಕುತ್ತಿದ್ದಾಳೆ, ಕೇಳಲೂ ಇಲ್ಲ, ನಾಚಿಕೆಯೂ ಇಲ್ಲ, ಮೂಗು ಒಳಗೇ ತೂರಿಸಿದ್ದಾಳೆ, ಇದೇನೇ ಇದು ಇಷ್ಟುದ್ದ ಬೀಗದ ಕೈ, ಯಾವ ಅರಮನೇದು, ನಿನ್ನ ಮಗ ಇಲ್ಲಿ ಕೈ ಚಾಚ್ಕೊಂಡು ನಿಂತಿದ್ದಾನೆ, ಇವನಿಗೆ ಕೊಡಲಾ, ಇಲ್ಲಾ ಮೇಲಕ್ಕೆ ಎಳ್ಕೋತೀಯಾ. ಎಳೆದುಕೊಳ್ಳಬಹುದು. ಎರಡು ಹಿಡಿ, ನಾಲ್ಕು ಹಿಡಿ, ಬೀಗದ ಕೈ ಮತ್ತೆ ಎದೆಗೆ, ಓಣಿ ಮತ್ತೆ ಅದರದರ ಜಾಗದಲ್ಲಿ, ಮುಚ್ಚಿದ ಅಂಗಡಿ, ಬಿರುಕಿನ ಗೋಡೆ, ಖಾಲಿ ಮೊದಲನೇ ಮಹಡಿ, ಮತಿಲ್ದಾ ಶುಬ್ರಾದಲ್ಲಿ, ಬುಟ್ಟಿ ಹಿಡಿಯುವ ಕೈ ಅಲ್ಲಿಲ್ಲ, ಇಲ್ಲಿದೆ, ಎರಡನೇ ಮಹಡಿಯಲ್ಲಿ, ಹಸಿರು ಬೆರಳು — ಬಾಲ್ಕನಿಯ ಕಂಬಿ ಬಿಸಿಯಾಗಿ ಹೊಟ್ಟೆಗೆ ಸುಡುತ್ತಿದೆ, ಕೊಡು ಎಂದು ಬಾಯಿ ಅಂದಿತೋ ಇಲ್ಲವೋ, ಕೊಡು ನಬವಿಯಾ, ಕೊಟ್ಟುಬಿಡು ಅವನಿಗೆ. ಆ ಕೈ ಒಳಗೆ ಹೋಗಿ ಹೊರಗೆ ಬಂತು, ಭಾರ ಹೋದದ್ದು ಹಗ್ಗದಲ್ಲೇ ತಿಳಿಯಿತು, ಬರೀ ಬುಟ್ಟಿಯ ತೂಕ, ಗಾಳಿಯ ತೂಕ, ನಬವಿಯಾ ಒಳಗೆ ತಿರುಗುತ್ತಿದ್ದಾಳೆ, ಬೆರಳು ಸಡಿಲವಾಗುತ್ತಿದೆ, ಬುಟ್ಟಿ ಈಗ ತಿರುಗಲು ಶುರುವಾಗುತ್ತದೆ, ನಡುಗಾಳಿಯಲ್ಲಿ, ತಾನೇ ತಾನಾಗಿ — ಇಷ್ಟು ವರ್ಷ ದಿನಾ ಬಿಡೇ ಬಿಡೇ ಎಂದು ಬೈದವಳು ಕಂಬಿಯ ಮೇಲೆ ಬಗ್ಗಿ ಕೂಗಿದಳು, ಬುಟ್ಟಿ ಬಿಡಬೇಡ. ಕೈ ನಿಂತಿತು. ಬುಟ್ಟಿ ಆ ಕೈಯಲ್ಲಿ, ಹಗ್ಗ ಈ ಕೈಯಲ್ಲಿ, ನಡುವೆ ಮೂರು ಮಹಡಿಯ ಬಿಸಿಲು, ಕೆಳಗಿನಿಂದ ಹಗ್ಗ ಜಗ್ಗಿತು, ಮೆಲ್ಲಗೆ, ಒಂದು ಸಲ, ಇನ್ನೊಂದು ಸಲ.